ನಮ್ಮ ಬಾವಿಗೆ ಎಷ್ಟು ಜನ?

ಮೊನ್ನೆ ನಮ್ಮ ಕಾರ್ಖಾನೆಯಲ್ಲಿ ಗಂಭೀರವಾದ ಒಂದು ಮೀಟಿಂಗು ನಡೆಯುತ್ತಿತ್ತು. ಎ.ಸಿ. ಗಾಳಿಗೆ ಮೂಗು ಸೋರಲು ಶುರುವಾಗಿ ನಾನು ಕರ್ಚೀಫಿಗೆಂದು ಜೇಬಿಗೆ ಕೈಹಾಕಿದೆ. ಕರ್ಚೀಫಿನ ಜೊತೆಗೆ ಒಂದು ಹುಣಸೆಬೀಜವೂ ಹೊರಬಂದು ಟಣ್ಣನೆ ಮೇಜಿನ ಮೇಲೆ ಬಿದ್ದು, ಜಾರಿಕೊಂಡು ಹೋಗಿ ನಮ್ಮ ಮ್ಯಾನೇಜರರ ಲ್ಯಾಪ್‌ಟಾಪಿನ ಮುಂದೆ ನಿಂತಿತು. ಹತ್ತು ಜನವೂ ಮಾತು ನಿಲ್ಲಿಸಿ ಅದನ್ನೇ ನೋಡಿದರು.

"ಏನ್ರೀ ಕೃಷ್ಣಪ್ಪ ಇದು?" ಎಂದರು ಮ್ಯಾನೇಜರು.

"ಅಳತೆ ಸಾಮಾನು ಸಾರ್, ನಮ್ಮನೇದು," ಎಂದೆ.

ಎಲ್ಲರೂ ನಕ್ಕರು. ನಾನು ತಮಾಷೆ ಮಾಡಿದೆ ಅಂದುಕೊಂಡರು. ಆದರೆ ದೇವರಾಣೆ, ನಾನು ಹೇಳಿದ್ದು ನಿಜ. ಬೀಜವನ್ನು ವಾಪಸ್ ಜೇಬಿಗೆ ಹಾಕಿಕೊಂಡೆ. ಆಮೇಲೆ ಮೀಟಿಂಗಿನಲ್ಲಿ ಯಾರು ಏನು ಹೇಳಿದರೋ ಕೇಳಬೇಡಿ. ನನ್ನ ಮನಸ್ಸು ಆಗಲೇ ಎದ್ದು ಕಾಡುಗೋಡಿಯ ನಮ್ಮ ಬಾವಿಕಟ್ಟೆಯ ಮೇಲೆ ಹೋಗಿ ಕೂತಿತ್ತು.

ಮೊದಲು ನನ್ನ ಪರಿಚಯ ಹೇಳಿಬಿಡುತ್ತೇನೆ, ಆಮೇಲೆ ನೀವು ನಗುವುದಕ್ಕೆ ಅನುಕೂಲವಾಗುತ್ತದೆ. ನಾನು ಕ್ವಾಲಿಟಿ ವಿಭಾಗದವನು. ಮೆಷಿನ್ನಿನಿಂದ ಬಂದ ಬಿಡಿಭಾಗಗಳನ್ನು ಅಳೆಯುವುದು, ಕೂದಲೆಳೆಯಷ್ಟು ಹೆಚ್ಚುಕಮ್ಮಿ ಇದ್ದರೂ ಕೆಂಪು ಚೀಟಿ ಅಂಟಿಸಿ ಆಚೆಗಿಡುವುದು ನನ್ನ ಕೆಲಸ. ಇಪ್ಪತ್ತೆರಡು ವರ್ಷದಿಂದ ಇದನ್ನೇ ಮಾಡಿಕೊಂಡು ಬಂದಿದ್ದೇನೆ. ಇಂಥ ನಾನು "ನಿಮ್ಮ ಮನೆಯಲ್ಲಿ ಎಷ್ಟು ಜನ?" ಎನ್ನುವ ಒಂದೇ ಒಂದು ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟೆ.

ನಮ್ಮದು ಕಾಡುಗೋಡಿಯ ಹಳೇ ಊರಿನ ಬೀದಿ. ನಮ್ಮಪ್ಪ ರಾಗಿ ಬೆಳೆಯುತ್ತಿದ್ದ ಕಡೆ ಈಗ ಐದಂತಸ್ತಿನ ಪಿ.ಜಿ. ಎದ್ದಿದೆ, ದನದ ಕೊಟ್ಟಿಗೆಯಿದ್ದ ಕಡೆ ಬಾಡಿಗೆಗೆ ಕೊಟ್ಟ ಮೂರು ಕೋಣೆಗಳಿವೆ. ಹಾಗೇ ಉಳಿದದ್ದು ಎರಡೇ. ಅಂಗಳದ ಮೂಲೆಯ ಹುಣಸೆಮರ, ಗೇಟಿಗೆ ಎದುರಾಗಿರುವ ಬಾವಿ. ಹಾಗೇ ಉಳಿದದ್ದು ಅಂದೆನೇ? ತಪ್ಪಾಯಿತು. ಬಾವಿ ನಡುವೆ ಎಷ್ಟೋ ವರ್ಷ ಬತ್ತಿಹೋಗಿತ್ತು. ಕಿತ್ತುಹೋದ ಚಪ್ಪಲಿ, ಒಡೆದ ಬಕೆಟ್ಟು, ನನ್ನ ಮಗಳು ನಿಧಿಯ ಮೂರು ಚೆಂಡು, ಎಲ್ಲ ಅದರ ಹೊಟ್ಟೆ ಸೇರಿದ್ದವು. ಆಮೇಲೆ ಊರಾಚೆಯ ಕೆರೆಗೆ ನೀರು ತುಂಬಿಸಿದರು. ಒಂದು ಬೆಳಗ್ಗೆ ಅವ್ವ ಕಸ ಗುಡಿಸುತ್ತಿದ್ದವಳು ಸುಮ್ಮನೆ ಬಾವಿಗೆ ಬಗ್ಗಿ ನೋಡಿ, ಪೊರಕೆ ಬಿಸಾಕಿ ಕೂಗಿದಳು:

"ಕಿಟ್ಟಾ! ಬಾ ಇಲ್ಲಿ! ಬಾವೀಲಿ ಆಕಾಸ ಕಾಣ್ತಾ ಅದೆ ಕಣ್ಲಾ!"

ಹೋಗಿ ನೋಡಿದೆ. ನಿಜವಾಗಿಯೂ ಕಾಣುತ್ತಿತ್ತು. ಅಂಗೈಯಗಲದ ಆಕಾಶ, ಅದರಲ್ಲಿ ನಮ್ಮಿಬ್ಬರ ತಲೆ. ಅವತ್ತು ಅವ್ವ ಬೀದಿಗೆಲ್ಲ ಕೊಬ್ಬರಿ ಬೆಲ್ಲ ಹಂಚಿದಳು. ಬಾವಿ ಚೊಕ್ಕಟ ಮಾಡಿಸಿ, ಮೋಟಾರು ಇಳಿಸಿ, ಮಹಡಿಯ ಮೇಲಿನ ಟ್ಯಾಂಕಿಗೆ ಪೈಪು ಎಳೆಸಿದ್ದಾಯಿತು. ಪ್ಲಂಬರನ ಕೈಕಾಲು ಹಿಡಿದು ಗೇಟಿನ ಹೊರಗೂ ಒಂದು ನಲ್ಲಿ ಹಾಕಿಸಿದಳು. ಗಿಡಕ್ಕೆ ಇರಬೇಕು ಅಂದುಕೊಂಡು ನಾನು ಸುಮ್ಮನಾದೆ. ನಮ್ಮ ಮನೆಯಲ್ಲಿ ನೀರು ಹಾಕಬೇಕಾದ ಗಿಡ ಅಂದರೆ ಒಂದೇ ಒಂದು ತುಳಸಿ, ಅದೂ ಗೇಟಿನ ಒಳಗೆ. ಅಷ್ಟು ಹೊಳೆಯಬೇಡವೇ ನನಗೆ?

ನೀರು ಬಂತು ನಿಜ, ಆದರೆ ಎಂಥ ಗಡಸು ನೀರು ಅಂತೀರಿ! ತಲೆಗೆ ಸೀಗೆಕಾಯಿ ಹಾಕಿದರೆ ನೊರೆಯೇ ಇಲ್ಲ, ತೊಳೆದ ಮೇಲೆ ಕೂದಲು ತೆಂಗಿನ ನಾರು. ಗೀಸರಿನ ಕಾಯಿಲ್ಲು ಎರಡು ಸಲ ಸುಟ್ಟುಹೋಯಿತು. ಸ್ಟೀಲ್ ಬಿಂದಿಗೆಯ ಒಳಗೆಲ್ಲ ಸುಣ್ಣ ಬಳಿದ ಹಾಗೆ ಬಿಳಿ ಪದರ. ಇನ್ನು ತೊಗರಿಬೇಳೆಯಂತೂ ಕುಕ್ಕರಿನಲ್ಲಿ ಎಂಟು ಸೀಟಿ ಹೊಡೆಸಿದರೂ ಹಾಕಿದ್ದು ಹಾಕಿದ ಹಾಗೇ ತಟ್ಟೆಗೆ ಬರುತ್ತಿತ್ತು. ನನ್ನ ಹೆಂಡತಿ ಮಂಜುಳ ಬೇಳೆಗೆ ಕ್ಯಾನ್ ನೀರು ಹಾಕತೊಡಗಿದಳು. ಅವ್ವನಿಗೆ ಅದು ಅವಮಾನ.

"ಮನೆ ಮುಂದೆ ಬಾವಿ ಮಡಿಕೊಂಡು ಬೇಳೆಗೆ ಅಂಗ್ಡಿ ನೀರಾ? ನೀರು ಗಟ್ಟಿಮುಟ್ಟಾಗದೆ, ಒಸಿ ಒತ್ತು ಬೇಯಿಸ್ಬೇಕು, ಅಷ್ಟೇಯ."

ಇಂಥ ಹೊತ್ತಿಗೆ ಸರಿಯಾಗಿ ನಾನು ಕಾರು ತಂದೆ. ಬಿಳೀ ಕಾರು, ನನ್ನ ಜೀವಮಾನದ ಮೊದಲನೆಯದು. ನಿಲ್ಲಿಸುವುದೆಲ್ಲಿ? ಬೀದಿಯಲ್ಲಿ ನಿಲ್ಲಿಸಿದರೆ ಎದುರಿನ ಇಸ್ತ್ರಿ ಗಾಡಿಯ ಮುನಿರಾಜುವಿಗೆ ತೊಂದರೆ, ಅಂಗಳದಲ್ಲಿ ನಿಲ್ಲಿಸೋಣವೆಂದರೆ ನಟ್ಟನಡುವೆ ಬಾವಿ. ಬಾವಿಕಟ್ಟೆ ಒಡೆದು, ಬಾಯಿಗೆ ಕಾಂಕ್ರೀಟಿನ ಚಪ್ಪಡಿ ಎಳೆದುಬಿಟ್ಟರೆ ಕಾರು ಸಲೀಸಾಗಿ ಒಳಗೆ ಬರುತ್ತಿತ್ತು. ಬೋರ್‌ವೆಲ್ ಇದೆ, ಕುಡಿಯುವುದಕ್ಕೆ ಕ್ಯಾನ್ ಇದೆ, ಬೇಳೆ ಬೇಯದ ಬಾವಿ ಯಾಕೆ ಎಂದು ನಾನು. ನನ್ನ ಕಣ್ಣೆದುರಿಗೆ ಬಾವಿ ಮುಚ್ಚಿದರೆ ನೋಡು ಎಂದು ಅವ್ವ. ಎಂಟು ದಿನ ಮನೆಯಲ್ಲಿ ಮುಖ ಊದಿಸಿಕೊಂಡು ಓಡಾಡಿದೆವು. ಕೊನೆಗೆ ಮಂಜುಳ ಸೌಟು ಹಿಡಿದುಕೊಂಡು ಬಂದು ನಡುಮನೆಯಲ್ಲಿ ನಿಂತಳು.

"ನೋಡ್ರೀ, ನೋಡಿ ಅತ್ತೆ, ನೀರು ಮೆದು ಮಾಡೋ ಮೆಷಿನ್ ಬರುತ್ತಂತೆ. ಹಾಕ್ಸಿ ನೋಡೋಣ. ಯುಗಾದಿ ದಿನ ಬಾವಿ ನೀರಲ್ಲಿ ಒಬ್ಬಟ್ಟಿನ ಬೇಳೆ ಬೆಂದ್ರೆ ಬಾವಿ ಇರುತ್ತೆ. ಬೇಯ್ಲಿಲ್ಲ ಅಂದ್ರೆ ಕಾರು ನಿಲ್ಲುತ್ತೆ. ಆಮೇಲೆ ಇಬ್ರೂ ಬಾಯ್ಮುಚ್ಕೊಂಡಿರ್ಬೇಕು."

ಯುಗಾದಿಗೆ ಒಂದೂವರೆ ತಿಂಗಳಿತ್ತು. ಒಪ್ಪಿದೆವು.

ಮೆಷಿನ್ನಿನವನ ಹೆಸರು ಸಾದಿಕ್. ದಾಸರಹಳ್ಳಿಯಿಂದ ಮೆಟ್ರೊ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಬದಲಾಯಿಸಿ, ಊರಿನ ಆ ತುದಿಯಿಂದ ಈ ತುದಿಗೆ ಒಂದು ಪೆಟ್ಟಿಗೆ ಹೊತ್ತು ಬಂದ. ಗಾಜಿನ ಕೊಳವೆಯಲ್ಲಿ ಬಾವಿನೀರು ಹಿಡಿದು, ಏನೋ ಪುಡಿ ಹಾಕಿ ದ್ರಾಕ್ಷಿ ಬಣ್ಣ ಮಾಡಿದ. ಆಮೇಲೆ ಒಂದು ಪುಟ್ಟ ಬಾಟಲಿಯಿಂದ ಹನಿ ಹನಿಯಾಗಿ ಬಿಡುತ್ತಾ, ನೀರು ನೀಲಿಗೆ ತಿರುಗುವತನಕ ಎಣಿಸಿದ. ಹನಿ ಹೆಚ್ಚು ಹಿಡಿದಷ್ಟೂ ನೀರು ಗಡಸು ಅಂತೆ. ನಮ್ಮ ನೀರು ಹನಿ ನುಂಗುತ್ತಲೇ ಹೋಯಿತು, ನೀಲಿಯಾಗುವ ಲಕ್ಷಣವೇ ಇಲ್ಲ. ಅವ್ವ ಉಸಿರು ಬಿಗಿಹಿಡಿದು ನೋಡುತ್ತಿದ್ದಳು, ಮಗ ಪರೀಕ್ಷೆಗೆ ಕೂತಿದ್ದಾಗಲೂ ಅಷ್ಟು ಹೆದರಿದವಳಲ್ಲ.

"ಸಕ್ಕತ್ ಗಡಸು ಸಾರ್," ಎಂದ ಸಾದಿಕ್. "ಆದ್ರೆ ಆಗುತ್ತೆ. ಈ ಸಿಲಿಂಡರ್ ಒಳಗೆ ಸಣ್ಣ ಸಣ್ಣ ಮಣಿ ಇರ್ತವೆ, ಸುಣ್ಣಾನೆಲ್ಲ ಹಿಡ್ಕೊಂತವೆ. ಮಣಿ ಭರ್ತಿ ಆದ್ಮೇಲೆ ಉಪ್ಪುನೀರಲ್ಲಿ ತೊಳೆದ್ರೆ ಮತ್ತೆ ಹೊಸದು."

"ಉಪ್ಪು ತೆಗೆಯಕ್ಕೆ ಉಪ್ಪು ಆಕ್ತಾರಾ?" ಎಂದಳು ಅವ್ವ. ನಮ್ಮ ಕಡೆ ಗಡಸು ನೀರಿಗೆ ಉಪ್ಪುನೀರು ಅಂತಲೇ ಹೆಸರು. ಸಾದಿಕ್ ಏನು ವಿವರಿಸಿದರೂ ಅವಳಿಗೆ ಅದು ಕೊನೆಯವರೆಗೂ ಒಪ್ಪಿಗೆಯಾಗಲಿಲ್ಲ.

"ಸೈಜು ಮುಖ್ಯ ಸಾರ್," ಎಂದು ಸಾದಿಕ್ ಪೆನ್ನು ತೆಗೆದ. "ದಿನಕ್ಕೆಷ್ಟು ನೀರು ಬೇಕು ಅಂತ ಗೊತ್ತಾದ್ರೆ ಸೈಜು ಗೊತ್ತಾಗುತ್ತೆ. ಒಬ್ಬರಿಗೆ ಹತ್ತು ಕೊಡ ಅಂತ ಇಟ್ಕೊಳೋಣ. ಮನೇಲಿ ಎಷ್ಟು ಜನ ಅಮ್ಮಾ?"

ಒಲೆಯ ಮೇಲೆ ಹಾಲಿದೆ ಎಂದು ಅವ್ವ ಒಳಗೆ ಹೋದಳು. ಒಲೆಯ ಮೇಲೆ ಹಾಲಿರಲಿಲ್ಲ.

ಅವಳು ಯಾಕೆ ಹೋದಳೆಂದು ನನಗೆ ಗೊತ್ತು. ನನ್ನ ಬೆನ್ನಿಗೂ ಗೊತ್ತು. ನಾನು ಎರಡನೇ ಕ್ಲಾಸಿನಲ್ಲಿದ್ದಾಗ, ಕಣದ ಕೆಲಸ ಮುಗಿಸಿ ಜಗಲಿಯ ಮೇಲೆ ಸಾಲಾಗಿ ಉಣ್ಣಲು ಕೂತವರನ್ನು ಬೆರಳು ತೋರಿಸಿ ಎಣಿಸಿದ್ದೆ. ಆಗ ತಾನೇ ಮಗ್ಗಿ ಕಲಿತ ಹುಮ್ಮಸ್ಸು. ಹನ್ನೊಂದು ಎನ್ನುವಷ್ಟರಲ್ಲಿ ಮುದ್ದೆಕೋಲು ಬೆನ್ನಿಗೆ ಬಿತ್ತು. "ಉಣ್ಣೋರ್ನ ಎಣಿಸ್ತೀಯೇನ್ಲಾ? ದಿಷ್ಟಿ ಆಯ್ತದೆ!" ಅವ್ವ ಇವತ್ತಿಗೂ ಮುದ್ದೆಯನ್ನು ಎಣಿಸಿ ಕಟ್ಟುವವಳಲ್ಲ. ಅಂದಾಜಿಗೆ ಹಿಟ್ಟು ಹಾಕುತ್ತಾಳೆ, ಕೊನೆಗೆ ಯಾವಾಗಲೂ ಒಂದು ಮುದ್ದೆ ಹೆಚ್ಚಿಗೆ ಇರುತ್ತದೆ, ಅದನ್ನು ತಿನ್ನುವುದಕ್ಕೆ ಯಾವಾಗಲೂ ಒಬ್ಬರು ಬಂದಿರುತ್ತಾರೆ. ನೀರು ಕುಡಿಯುವವರಿಗೂ ಇದೇ ಕಾನೂನು.

ಹಾಗಾಗಿ ಉತ್ತರ ನಾನೇ ಕೊಟ್ಟೆ. "ನಾಲ್ಕು." ಅವ್ವ, ಮಂಜುಳ, ನಿಧಿ, ನಾನು. ಬಾಡಿಗೆಯವರಿಗೆ ಬೋರ್‌ವೆಲ್ಲಿನ ಬೇರೆ ಪೈಪಿತ್ತು. ಸುಳ್ಳೇನೂ ಹೇಳಲಿಲ್ಲ, ರೇಷನ್ ಕಾರ್ಡಿನಲ್ಲೂ ನಾಲ್ಕೇ. ಆದರೆ ಮೆಷಿನ್ನು ಚಿಕ್ಕದಾದರೆ ಕಾರಿಗೇ ಒಳ್ಳೆಯದು ಎಂಬ ಸಣ್ಣದೊಂದು ಖುಷಿ ಆಗ ನನ್ನ ಹೊಟ್ಟೆಯೊಳಗೆ ಇತ್ತು. ನಿಮ್ಮ ಹತ್ತಿರ ಮುಚ್ಚಿಡುವುದೇನು, ಅದೂ ನಿಜ.

ಸೊಂಟದೆತ್ತರದ ಸಿಲಿಂಡರು ಬಂತು. ಅವ್ವ ಅದಕ್ಕೆ ಅರಿಶಿನ ಕುಂಕುಮ ಇಟ್ಟು, ಮಲ್ಲಿಗೆ ಮುಡಿಸಿದಳು. ಮೊದಲ ಎರಡು ದಿನ ಹಬ್ಬವೇ ಹಬ್ಬ. ನಿಧಿ ಬಚ್ಚಲಿನಿಂದ "ಅಜ್ಜೀ, ನೊರೆ ನೊರೆ!" ಎಂದು ಕಿರುಚಿದಳು. ಬೇಳೆ ಮೂರು ಸೀಟಿಗೆ ಕರಗಿತು. ಅವ್ವ ಸಾರಿನ ಬಟ್ಟಲನ್ನು ನನ್ನ ಮೂಗಿನ ಹತ್ತಿರವೇ ತಂದಿಟ್ಟು ಹೋದಳು. ಆದರೆ ಮೂರನೇ ದಿನ ಸಂಜೆಗೆ ಬೇಳೆ ಮತ್ತೆ ಕಲ್ಲು. ಉಪ್ಪಿನಲ್ಲಿ ತೊಳೆದೆವು, ಸರಿಹೋಯಿತು. ಎರಡು ದಿನಕ್ಕೆ ಮತ್ತೆ ಕಲ್ಲು. ವಾರಕ್ಕೊಮ್ಮೆ ತೊಳೆದರೆ ಸಾಕು ಎಂದಿದ್ದ ಮೆಷಿನ್ನನ್ನು ದಿನ ಬಿಟ್ಟು ದಿನ ತೊಳೆಯಬೇಕಾಯಿತು, ಮೂಟೆ ಉಪ್ಪು ನೋಡನೋಡುತ್ತ ಖಾಲಿಯಾಯಿತು.

ನಾನು ಟೇಪು ತೆಗೆದುಕೊಂಡು ಬಾವಿಕಟ್ಟೆಯ ಸುತ್ತಳತೆ ನೋಡಿದೆ. ಚಪ್ಪಡಿಗೆ ಎಷ್ಟು ಕಬ್ಬಿಣ ಬೇಕು ಎಂದು ಚೀಟಿಯಲ್ಲಿ ಬರೆದುಕೊಂಡೆ. ಅವ್ವ ಬಯ್ಯುತ್ತಾಳೆ, ಕೂಗಾಡುತ್ತಾಳೆ ಅಂದುಕೊಂಡಿದ್ದೆ. ಅವಳು ಜಗಲಿಯಿಂದ ಎದ್ದು ಬಂದು ಬಾವಿಗೆ ಬಗ್ಗಿ, ಅಲ್ಲಿ ಕಾಣುವ ಆಕಾಶವನ್ನು ಒಂದಿಷ್ಟು ಹೊತ್ತು ನೋಡಿ, ಸೆರಗಿನಿಂದ ಮೂಗು ಒರೆಸಿಕೊಂಡು ಒಳಗೆ ಹೋದಳು. ಚೀಟಿಯನ್ನು ಮಡಿಸಿ ಜೇಬಿಗಿಟ್ಟು ಸಾದಿಕ್‌ಗೆ ಫೋನು ಮಾಡಿದೆ.

ಅವನು ಬಂದು, ಮೀಟರು ನೋಡಿ, ತಲೆ ಕೆರೆದುಕೊಂಡ. "ಸಾರ್, ನಾಲ್ಕೇ ಜನ ಇಷ್ಟು ನೀರು ಬಳಸ್ತಾರೆ ಅಂದ್ರೆ ಮನೇಲಿ ಆನೆ ಸಾಕಿರ್ಬೇಕು. ನಿಜ ಹೇಳಿ, ಎಷ್ಟು ಜನ?"

"ನಾಲ್ಕೇ ಕಣಯ್ಯ!"

ಒಳಗಿನಿಂದ ಮಂಜುಳ ಕಿಸಕ್ಕನೆ ನಕ್ಕಳು. "ರೀ, ನೀವು ಬೆಳಗ್ಗೆ ಆರಕ್ಕೆ ಫ್ಯಾಕ್ಟ್ರಿ ಬಸ್ ಹತ್ತುತೀರ. ಆರೂ ಕಾಲಿಗೆ ನಮ್ಮ ಗೇಟ್ ಹತ್ರ ನಿಂತು ನೋಡಿದೀರಾ ಯಾವತ್ತಾದ್ರೂ?"

ನೋಡಿರಲಿಲ್ಲ. ಭಾನುವಾರವೂ ಎಂಟರವರೆಗೆ ಮಲಗುವ ಆಸಾಮಿ ನಾನು.

"ಹಾಗಾದ್ರೆ ಎಲ್ಲಾರ್ನೂ ಎಣಿಸ್ಬೇಕು ಅಮ್ಮಾ," ಎಂದ ಸಾದಿಕ್.

"ಜನಾನ ಎಣಿಸಕ್ಕೆ ನಾನು ಬಿಡಕಿಲ್ಲ," ಎಂದಳು ಅವ್ವ. ಆಮೇಲೆ ಸ್ವಲ್ಪ ಯೋಚನೆ ಮಾಡಿ, "ಬೇಕಾರೆ ಬೀಜ ಎಣಿಸ್ಕಳಿ," ಎಂದು ಅಡುಗೆಮನೆಯ ಅಟ್ಟದಿಂದ ಒಂದು ಮಡಕೆ ಇಳಿಸಿದಳು.

ಹುಣಸೆಬೀಜ! ಆ ಮಡಕೆ ನೋಡಿ ಎಷ್ಟು ವರ್ಷವಾಗಿತ್ತು. ಬೇಸಿಗೆಯಲ್ಲಿ ಅವ್ವ ಹಣ್ಣು ಜಜ್ಜಿ ಬೀಜ ಬಿಡಿಸುವಾಗ ನಾವು ಮಕ್ಕಳು ಸುತ್ತ ಕೂತಿರುತ್ತಿದ್ದೆವು. ಒಂದಿಷ್ಟನ್ನು ಹುರಿದು ದವಡೆ ನೋಯುವತನಕ ಜಗಿಯುತ್ತಿದ್ದೆವು. ಒಂದಿಷ್ಟನ್ನು ಕಲ್ಲಿಗೆ ಉಜ್ಜಿ ಒಂದು ಮಗ್ಗುಲು ಬೆಳ್ಳಗೆ ಮಾಡಿ ಚೌಕಾಬಾರಕ್ಕೆ ಇಟ್ಟುಕೊಳ್ಳುತ್ತಿದ್ದೆವು. ಉಜ್ಜಿದ ಬೀಜ ಬಿಸಿಯಾಗಿರುತ್ತದೆ, ಅದನ್ನು ಮಗ್ಗುಲಲ್ಲಿ ಕೂತವನ ತೊಡೆಗೆ ಇಟ್ಟರೆ ಅವನು ಎಗರಿ ಬೀಳುತ್ತಾನೆ. ಈ ಸಂಶೋಧನೆ ನನ್ನದೇ ಎಂದು ಬಹಳ ವರ್ಷ ನಂಬಿದ್ದೆ.

ಭಾನುವಾರಕ್ಕೆ ಲೆಕ್ಕ ನಿಗದಿಯಾಯಿತು. ಒಂದು ಕೊಡಕ್ಕೋ ಬಕೆಟ್ಟಿಗೋ ಒಂದು ಬೀಜ. ಮನೆಯೊಳಗಿನ ನೀರಿಗೂ ಅಷ್ಟೇ, ಹಿಡಿದವರು ಬೀಜ ಹಾಕಿ ನನಗೆ ಕೂಗಿ ಹೇಳಬೇಕು. ಗೇಟಿನ ಪಕ್ಕ ಬೀಜದ ಮಡಕೆಯನ್ನೂ ಒಂದು ಖಾಲಿ ಬಿಸ್ಕತ್ ಡಬ್ಬವನ್ನೂ ಇಟ್ಟು, ನಾನು ಆರಕ್ಕೇ ಎದ್ದು ಕುರ್ಚಿ ಹಾಕಿಕೊಂಡು ಕೂತೆ. ಕ್ವಾಲಿಟಿಯವನಲ್ಲವೇ, ಬೀಜವನ್ನು ನಂಬಿದರೆ ಸಾಕೇ? ಕೈಯಲ್ಲಿ ನೋಟ್‌ಬುಕ್ಕು ಹಿಡಿದು ಒಂದೊಂದು ಕೊಡಕ್ಕೂ ಒಂದೊಂದು ಗೀಟು ಎಳೆಯುತ್ತಾ ಹೋದೆ.

ಅಬ್ಬಬ್ಬಾ, ಏನು ಜನ! ಮೊದಲು ಬಂದವಳು ಬೀದಿ ಕೊನೆಯ ಇಡ್ಲಿ ಅಂಗಡಿಯ ರತ್ನಕ್ಕ, ಎರಡೂ ಸೊಂಟಕ್ಕೆ ಕೊಡ. "ಏನಣ್ಣ, ಇವತ್ತು ನೀನೇ ಕಾವಲಾ? ಸಾಂಬಾರ್ ಬೇಳೆಗೆ ಕಣಣ್ಣ. ಮೆಷಿನ್ ಬಂದ್ಮೇಲೆ ನಿಮ್ಮವ್ವನ ನೀರಲ್ಲಿ ಬೇಳೆ ಬೆಣ್ಣೆ ಆಗುತ್ತೆ," ಎಂದು ಡಬ್ಬದಲ್ಲಿ ಟಣ್ ಟಣ್ ಎರಡು ಬೀಜ ಹಾಕಿದಳು. ಅವಳ ಹಿಂದೆ ನಮ್ಮ ಬಾಡಿಗೆಯವರೇ ಸಾಲಾಗಿ ನಿಂತಿದ್ದರು, ತಲೆಗೆ ಸ್ನಾನ ಮಾಡುವ ದಿನವಂತೆ. ಹೂ ಕಟ್ಟುವವರು ಬಂದರು, ಪಿ.ಜಿ.ಯ ಇಬ್ಬರು ಹುಡುಗಿಯರು ನಾಚಿಕೊಂಡು ಬಕೆಟ್ ಹಿಡಿದು ಬಂದರು. ಒಬ್ಬ ತಾತ ನೀರಿನ ಬಾಟಲಿ ತುಂಬಿಕೊಂಡು, "ಇದಕ್ಕೆ ಕಾಲು ಬೀಜ ಆಕ್ಲಾ?" ಎಂದು ಕೇಳಿ ಎಲ್ಲರನ್ನೂ ನಗಿಸಿದ. ಅವ್ವ ಜಗಲಿಯಲ್ಲಿ ಕೂತು ಒಬ್ಬೊಬ್ಬರನ್ನೂ ಹೆಸರು ಹಿಡಿದು ಮಾತಾಡಿಸುತ್ತಿದ್ದಳು. ಹುಟ್ಟಿದಾಗಿನಿಂದ ಇದೇ ಬೀದಿಯಲ್ಲಿರುವ ನನಗೆ ಅರ್ಧ ಜನರ ಹೆಸರು ಗೊತ್ತಿರಲಿಲ್ಲ.

ಇಸ್ತ್ರಿಯ ಮುನಿರಾಜು ಕೊಡ ತುಂಬಿಕೊಳ್ಳುತ್ತಾ ಗುಟ್ಟಾಗಿ ಕೇಳಿದ. "ಅಣ್ಣ, ಬಾವಿ ಮುಚ್ಚುತೀಯಂತೆ? ಗಡಸು ನೀರು ಚಿಮುಕ್ಸಿದ್ರೆ ಬಟ್ಟೆ ಮೇಲೆಲ್ಲ ಬಿಳೀ ಕಲೆ ಕಣಣ್ಣ. ಕಾರಿಗೆ ಜಾಗ ತಾನೇ ನಿಂಗ್ ಬೇಕಿರೋದು? ನನ್ ಗಾಡೀನ ಆ ಗೋಡೆ ಕಡೆ ತಳ್ಕೊಂತೀನಿ, ನಿನ್ ಕಾರು ಆರಾಮಾಗಿ ನಿಲ್ಲುತ್ತೆ. ಮೊದ್ಲೇ ಕೇಳೋದಲ್ವಾ?"

ಮೊದಲೇ ಕೇಳಬಹುದಿತ್ತು. ಒಂದು ತಿಂಗಳಿಂದ ಅವನ ಗಾಡಿಯನ್ನು ನೋಡಿ ಹಲ್ಲು ಕಡಿದದ್ದು ಬಿಟ್ಟರೆ ನಾನು ಬೇರೇನೂ ಮಾಡಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಡಬ್ಬದ ತಳವೇ ಕಾಣದಾಯಿತು. ನೀರು ಹಿಡಿಯಲು ಬಂದವರು ಹುಣಸೆಮರದ ನೆರಳಿನಲ್ಲಿ ಚೌಕಾಬಾರ ಹೂಡಿದರು. ನಿಧಿ ಪಿ.ಜಿ. ಹುಡುಗಿಯರಿಗೆ ಕಲಿಸಿದಳು, ಅವರು ರತ್ನಕ್ಕನನ್ನು ಸೋಲಿಸಿದರು, ರತ್ನಕ್ಕ ಸಿಟ್ಟಿಗೆ ಎರಡು ಕೊಡ ಹೆಚ್ಚಿಗೆ ಹಿಡಿದುಕೊಂಡು ಹೋದಳು. ನಾನು ಗೀಟು ಎಳೆಯುವುದನ್ನು ಮರೆಯಲಿಲ್ಲ.

ಸಂಜೆ ಸಾದಿಕ್‌ನ ಎದುರಿಗೆ ಬೀಜ ಸುರಿದು ಎಣಿಸಿದೆವು. ನೂರಾ ಹದಿನೇಳು. ನಾನು ಹೇಳಿದ್ದ ನಾಲ್ಕು ಜನಕ್ಕೆ ನಲವತ್ತು ಬೀಜವಾಗಬೇಕಿತ್ತು. ನಾಚಿಕೆಯಾಗಿ, "ಅಪಾರ್ಟ್‌ಮೆಂಟಿಗೆ ಹಾಕೋ ಅಂಥ ದೊಡ್ಡದನ್ನೇ ಹಾಕಿಬಿಡಪ್ಪ," ಎಂದೆ.

"ಬೇಡ ಸಾರ್. ತೀರಾ ದೊಡ್ಡದಾದ್ರೂ ಕೆಡುತ್ತೆ. ತೊಳೆಯೋದು ತಡ ಆಗಿ ಒಳಗೆ ಮಣಿ ಎಲ್ಲ ಗಂಟು ಕಟ್ಕೊಳುತ್ತೆ."

"ಮದ್ವೆ ಅಂಡೇಲಿ ಮನೆ ಮುದ್ದೆ ತೊಳಸಿದಂಗೆ," ಎಂದಳು ಅವ್ವ. ಸಾದಿಕ್ ಒಂದು ತಿಂಗಳಿಂದ ನನಗೆ ಅರ್ಥ ಮಾಡಿಸಲು ಒದ್ದಾಡುತ್ತಿದ್ದದ್ದು ಅಷ್ಟೇ. ಅವನು ಬೀಜದ ಲೆಕ್ಕದ ಮೇಲೆ ಗುಣಿಸಿ ಭಾಗಿಸಿ, ಮೊದಲಿನದಕ್ಕಿಂತ ಮೂರು ಪಾಲು ದೊಡ್ಡದೊಂದನ್ನು ಬರೆದುಕೊಂಡ. ಚಿಕ್ಕದನ್ನು ವಾಪಸ್ ತೆಗೆದುಕೊಂಡು ಹೋಗಲು ಒಪ್ಪಿದ.

ಎಲ್ಲ ಸರಿ, ಆದರೆ ನನ್ನ ನೋಟ್‌ಬುಕ್ಕಿನಲ್ಲಿ ಇದ್ದದ್ದು ನೂರಾ ಹದಿನೈದು ಗೀಟು. ಮೂರು ಸಲ ಎಣಿಸಿದೆ. ಬೀಜ ಎರಡು ಹೆಚ್ಚು. ಯಾರೋ ಮರೆತು ಎರಡೆರಡು ಸಲ ಹಾಕಿರಬೇಕು ಎಂದು ಮಂಜುಳ ಸಮಾಧಾನ ಹೇಳಿದಳು. ಎರಡು ಬೀಜ ಅಂದರೇನು ಸಾಮಾನ್ಯವೇ? ಕಾರ್ಖಾನೆಯಲ್ಲಾಗಿದ್ದರೆ ಕೆಂಪು ಚೀಟಿ ಅಂಟಿಸುತ್ತಿದ್ದೆ. ಅವ್ವನನ್ನು ಕೇಳಿದರೆ, "ಇರ್ಲಿ ಬಿಡ್ಲಾ," ಎಂದು ಮುಖ ತಿರುಗಿಸಿಕೊಂಡಳು.

ಹೊಸ ಮೆಷಿನ್ನು ಬಂದು ಕೂತ ಮೇಲೆ ಯುಗಾದಿ ಬಂತು. ಬೆಳಗ್ಗೆಯೇ ಮಂಜುಳ ತೆರೆದ ಪಾತ್ರೆಯಲ್ಲಿ ಬಾವಿಯ ನೀರಿಟ್ಟು ತೊಗರಿಬೇಳೆ ಹಾಕಿದಳು. ಕುಕ್ಕರ್ ಇಲ್ಲ, ಸೋಡಾ ಇಲ್ಲ, ಮೋಸವಿಲ್ಲ. ಅವ್ವ ದೇವರ ಮನೆಗೂ ಅಡುಗೆಮನೆಗೂ ಹತ್ತು ಸಲ ಓಡಾಡಿದಳು. ನಾನೂ ಬಾಗಿಲಿಗೆ ಒರಗಿ ನಿಂತಿದ್ದೆ. ಬೇಯಲಪ್ಪಾ ದೇವರೇ ಎಂದು ನಾನೇ ಬೇಡಿಕೊಳ್ಳುತ್ತಿದ್ದೇನೆಂದು ಎಷ್ಟೋ ಹೊತ್ತಿನ ಮೇಲೆ ಗಮನಕ್ಕೆ ಬಂತು. ಮಂಜುಳ ಸೌಟಿನಲ್ಲಿ ನಾಲ್ಕು ಬೇಳೆ ತೆಗೆದು ಬೆರಳಿನಲ್ಲಿ ಹಿಸುಕಿದಳು. ಹಿಟ್ಟಾಯಿತು.

"ಬೇಳೆ ಬೆಂತು. ಬಾವಿ ಉಳೀತು," ಎಂದಳು.

ಅವ್ವ ನನ್ನ ಕೆನ್ನೆ ಸವರಿ ನೆಟಿಗೆ ಮುರಿದಳು. ಗೆದ್ದವಳು ಅವಳು, ನೆಟಿಗೆ ಮುರಿದದ್ದು ನನಗೆ. ಆ ಒಬ್ಬಟ್ಟಿನಂಥ ಒಬ್ಬಟ್ಟನ್ನು ನಾನು ಇಷ್ಟು ವರ್ಷದಲ್ಲಿ ತಿಂದಿಲ್ಲ, ಎಷ್ಟು ತಿಂದೆನೋ ಎಣಿಸಲೂ ಇಲ್ಲ. ರತ್ನಕ್ಕನಿಗೆ, ಮುನಿರಾಜುವಿಗೆ, ಬೀದಿಗೆಲ್ಲ ಹೋಯಿತು. ತುಪ್ಪದ ಕೈ ನೆಕ್ಕುತ್ತಾ ಅವ್ವನ ಪಕ್ಕದಲ್ಲಿ ಕೂತು ಕೇಳಿದೆ.

"ಅವ್ವ, ಹಬ್ಬದ ದಿನ ಸುಳ್ಳು ಹೇಳಬಾರದು. ಆ ಎರಡು ಬೀಜ ನೀನೇ ತಾನೇ ಹಾಕಿದ್ದು?"

ಅವ್ವ ಸೆರಗಿನ ತುದಿಯಿಂದ ಬಾಯಿ ಒರೆಸಿಕೊಂಡಳು. "ಊ ಕಣ್ಲಾ. ಅವು ನಿನ್ನ ಕಾರಿಗೆ."

"ಕಾರಿಗಾ?"

"ದಿನಾ ಅದ್ನ ತೊಳೀಬೇಕಲ್ವಾ? ಎರಡು ಬಕೆಟ್ ನೀರಾದ್ರೂ ಬೇಡ್ವಾ? ಬಾವಿ ಮುಚ್ಚಕ್ ಬಂದದ್ದೇ ಇರ್ಲಿ, ಅದೂ ಮನೇಗ್ ಬಂದಿರೋದೆ ತಾನೇ. ಅದನ್ನ ಬಿಟ್ಟು ಲೆಕ್ಕ ಆಕಕ್ಕಾಯ್ತದಾ?"

ನಾನು ಅವಳ ಬಾವಿಯನ್ನು ಮುಚ್ಚಲು ಅಳತೆ ಹಿಡಿದು ನಿಂತಿದ್ದಾಗ, ಅವಳು ನನ್ನ ಕಾರಿಗೆ ನೀರು ತೆಗೆದಿಟ್ಟಿದ್ದಳು. ಒಳಗೆ ಹೋಗಿ ಡಬ್ಬದಿಂದ ಒಂದು ಬೀಜ ತೆಗೆದು ಜೇಬಿಗೆ ಹಾಕಿಕೊಂಡೆ. ಆಮೇಲೆ ಗೇಟಿನ ನಲ್ಲಿಯ ಕೆಳಗೆ ಬಕೆಟ್ಟಿಟ್ಟು ನೀರು ಹಿಡಿದು, ಮುನಿರಾಜುವಿನ ಗಾಡಿಯ ಪಕ್ಕ ನಿಂತಿದ್ದ ಕಾರನ್ನು ತೊಳೆದೆ. ಒಣಗಿದ ಮೇಲೆ ಎಲ್ಲೂ ಒಂದು ಬಿಳೀ ಕಲೆಯಿರಲಿಲ್ಲ.

"ಸಾಕೇನ್ಲಾ ನೀರು? ಇನ್ನೊಂದು ಇಡ್ಕಂತೀಯಾ?" ಎಂದು ಜಗಲಿಯಿಂದ ಅವ್ವ ಕೂಗಿದಳು.

"ಸಾಕವ್ವ," ಎಂದೆ. "ಸರಿಯಾಗಿ ಎರಡೇ ಹಿಡೀತು."